ಜರಿಗೆ ಒಪ್ಪುವ ಚೀಲ

ಚಳ್ಳಕೆರೆಯ ಶೇಂಗಾ ವ್ಯಾಪಾರಿ ಕೊಟ್ಟೂರಪ್ಪನವರು ನಲವತ್ತು ವರ್ಷ ಚೀಲಗಳ ನಡುವೆಯೇ ಬದುಕಿದವರು. ಚೀಲವನ್ನು ಹೊರಗಿನಿಂದ ತಟ್ಟಿಯೇ ಒಳಗಿನ ಕಾಯಿ ಒಣಗಿದೆಯೋ ಹಸಿಯೋ ಹೇಳಬಲ್ಲವರು. ಅಂಥವರ ಮನೆಯಲ್ಲಿ ಐದು ಕಿಲೋ ತೂಗುವ ಒಂದು ಬೆಕ್ಕಿಗೆ ಸರಿಯಾದ ಚೀಲ ಸಿಗದೆ ಹದಿನೈದು ದಿನದಿಂದ ರಾಮಾಯಣ ನಡೆದಿತ್ತು.

ಬೆಕ್ಕು ಸೊಸೆ ಶಿಲ್ಪಾಳದು, ಹೆಸರು ಜರಿ. ಮೊಳಕಾಲ್ಮೂರಿನ ತವರಿನಿಂದ ಅವಳ ಜೊತೆಗೇ ಬಂದದ್ದು. ಅಲ್ಲಿ ಅವಳ ಅವ್ವ ಜ್ಯೋತಿಲಕ್ಷ್ಮಿಯ ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗಗಳಿವೆ. ಇಲಿ ನೂಲು ಕಡಿಯಬಾರದೆಂದು ಬೆಕ್ಕು ಸಾಕುವುದು ಆ ಮನೆಯ ವಾಡಿಕೆ. ಶಿಲ್ಪಾ ಕುದಾಪುರದ ಸಂಶೋಧನಾ ಕೇಂದ್ರವೊಂದರಲ್ಲಿ ಕೆಲಸಕ್ಕಿದ್ದಳು. ಈಗ ಎರಡು ವರ್ಷಕ್ಕೆಂದು ಡೆಹ್ರಾಡೂನಿಗೆ ಹಾಕಿದ್ದರು. ಗಂಡ ವೀರೇಶ್ ಮೊದಲೇ ಹೋಗಿ ಮನೆ ನೋಡಿಟ್ಟಿದ್ದ. ಅವಳು ಜರಿಯನ್ನು ಕರೆದುಕೊಂಡು ವಿಮಾನ ಹತ್ತುವುದೊಂದೇ ಬಾಕಿ.

ವಿಮಾನದವರ ಕಟ್ಟಳೆ ಬೀಗರ ಉಪಚಾರಕ್ಕಿಂತ ಕಷ್ಟ. ಬೆಕ್ಕು, ಚೀಲ ಎರಡೂ ಸೇರಿ ಏಳು ಕಿಲೋ ಮೀರುವಂತಿಲ್ಲ. ಚೀಲ ಮುಂದಿನ ಸೀಟಿನ ಅಡಿಯಲ್ಲಿ ಹಿಡಿಸಬೇಕು, ಒಳಗೆ ಗಾಳಿಯಾಡಬೇಕು, ಬೆಕ್ಕಿಗೆ ಎದ್ದು ತಿರುಗಲು ಜಾಗ ಬೇಕು. ಮೊದಲು ಬಂದದ್ದು ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬ. ಕೊಟ್ಟೂರಪ್ಪನವರು ಅದನ್ನು ಮಂಡಿಗೆ ಒಯ್ದು ಕಾಟಾದ ಮೇಲಿಟ್ಟರೆ ಎರಡೂವರೆ ಕಿಲೋ.

"ಬರೇ ಖಾಲಿ ಚೀಲಾನೇ ಇಷ್ಟು ತೂಗಿದ್ರೆ ಮಾಲು ಎಲ್ಲಿ ಹಾಕ್ತೀಯವ್ವ?" ಎಂದು ವಾಪಸ್ಸು ಕಳಿಸಿದರು.

ಎರಡನೆಯದು ಬೆನ್ನಿಗೆ ಹಾಕುವ ಬ್ಯಾಗು. ಹಗುರ, ಚೆಂದ, ಮುಂದೊಂದು ಗುಂಡು ಕಿಟಕಿ ಬೇರೆ. ಬಾಯಿ ಮಾತ್ರ ಮೇಲಿತ್ತು. ಶಿಲ್ಪಾ ಜರಿಯನ್ನು ಎತ್ತಿ ಒಳಗಿಳಿಸುತ್ತಿದ್ದಂತೆ ಅದು ಕಿರುಚಿ, ಅವಳ ಕೈಯನ್ನು ಮೊಣಕೈವರೆಗೆ ಗೀರಿ, ಅಟ್ಟ ಹತ್ತಿ ಕೂತಿತು. ಮೇಲೆಯೇ ಬಾಯಿಯಿದ್ದ ಮೂರನೆಯ ಬ್ಯಾಗಿಗೂ ಅದೇ ಗತಿಯಾಯಿತು.

"ಚೀಲ ಕಂಡ್ರೆ ಇದಕ್ಯಾಕೆ ಹಿಂಗೆ ಜೀವ ಹೋಗ್ತೈತೆ? ಯಾರಾದ್ರೂ ಏನಾದ್ರೂ ಮಾಡಿದ್ರಾ ಮಾವ?" ಎಂದು ಶಿಲ್ಪಾ ಅರಿಶಿನ ಹಚ್ಚಿಕೊಳ್ಳುತ್ತ ಕೇಳಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. "ನಾನ್ಯಾಕವ್ವ ಮಾಡ್ಲಿ?" ಎಂದುಬಿಟ್ಟರು ಕೊಟ್ಟೂರಪ್ಪ. ಪುಣ್ಯಕ್ಕೆ ಅವಳು ಗಮನಿಸಲಿಲ್ಲ.

ಮಾಡಿದ್ದು ಅವರೇ. ಎರಡು ವರ್ಷದ ಹಿಂದೆ, ಅವರು ಮಾರುಕಟ್ಟೆಗೆ ಹೊರಟಾಗಲೆಲ್ಲ ಜರಿ ಹೊಸ್ತಿಲ ಮುಂದೆ ಅಡ್ಡ ಹಾಯುತ್ತಿತ್ತು. ಬೆಕ್ಕು ಅಡ್ಡ ಬಂದ ಮೇಲೆ ಹಾಗೇ ಹೋಗಲಾದೀತೇ? ಅವರು ಚಪ್ಪಲಿ ಬಿಟ್ಟು, ಒಳಗೆ ಕೂತು, ನೀರು ಕುಡಿದು ಮತ್ತೆ ಹೊರಡುವಷ್ಟರಲ್ಲಿ ಒಳ್ಳೆಯ ಮಾಲೆಲ್ಲ ಬೇರೆಯವರ ಪಾಲು. ಒಂದು ದಿನ ತಲೆ ಕೆಟ್ಟು, ಅದನ್ನು ಶೇಂಗಾ ಚೀಲಕ್ಕೆ ತಲೆಕೆಳಗಾಗಿ ತುರುಕಿ, ಬಾಯಿ ಬಿಗಿದು, ಊರಾಚೆ ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿನಲ್ಲಿ ಬಿಚ್ಚಿ ಬಂದರು. ಒಂಬತ್ತನೆಯ ದಿನ ಜರಿ ಕುಂಟುತ್ತ ಮನೆ ಹೊಕ್ಕಿತು. ಬಂದದ್ದೇ ಅವರ ಕಾಲ ಬುಡದಲ್ಲಿ ಮಲಗಿತು. ಅಂದಿನಿಂದ ಹಾಲಿನ ಕೆನೆಯೆಲ್ಲ ಜರಿಗೆ. ಅವರ ಹೆಂಡತಿ ತಿಪ್ಪೇರುದ್ರಮ್ಮ, ಗಂಡನಿಗೆ ಪ್ರಾಣಿದಯೆ ಬಂದಿದೆ ಎಂದು ಓಣಿಗೆಲ್ಲ ಹೇಳಿಕೊಂಡು ಬಂದರು.

ಬೇರೆ ದಾರಿ ಕಾಣದೆ ಶಿಲ್ಪಾ ಜರಿಯನ್ನು ಅವ್ವನ ಮನೆಯಲ್ಲಿ ಬಿಡುವುದೆಂದು ನಿಶ್ಚಯಿಸಿದಳು. ಭಾನುವಾರ ಅದನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತಳು, ಕೊಟ್ಟೂರಪ್ಪ ಕಾರು ನಡೆಸಿದರು.

"ಎಲ್ಲಿ ಹುಟ್ತೋ ಅಲ್ಲಿಗೇ ಬಂತು ಬಿಡು. ಮಗ್ಗದ ಮನೆ ಅದಕ್ಕೇನು ಹೊಸದಾ?" ಎಂದು ಜ್ಯೋತಿಲಕ್ಷ್ಮಿ ಸಮಾಧಾನ ಮಾಡಿದರು.

ಶಿಲ್ಪಾ ಹೂಂ ಎಂದಳು. ಜರಿಯನ್ನು ಅವ್ವನ ಕೈಗೆ ಕೊಟ್ಟವಳು ಬಾಗಿಲ ಕಡೆ ತಿರುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರೆ. ಬೆಕ್ಕು ಇಲ್ಲೇ ಉಳಿದರೆ ಕೊಟ್ಟೂರಪ್ಪನವರ ಗುಟ್ಟೂ ಇಲ್ಲೇ ಉಳಿಯುತ್ತಿತ್ತು. ಆದರೆ ಸೊಸೆಯ ಭುಜ ಅಲುಗುವುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ.

"ಶಿಲ್ಪಾ, ಆವತ್ತು ಅದು ತಪ್ಪಿಸ್ಕಂಡು ಹೋಗಿರ್ಲಿಲ್ಲ ಕಣವ್ವ. ನಾನೇ ಚೀಲಕ್ಕೆ ತುಂಬಿ ಕಾವಲಾಗೆ ಬಿಟ್ಟು ಬಂದಿದ್ದೆ."

"ಎಂತ ಪನಿ ಚೇಶಾರು ಬೀಗರೇ!" ಎಂದರು ಜ್ಯೋತಿಲಕ್ಷ್ಮಿ. ಗಾಬರಿಯಾದರೆ ಅವರ ಬಾಯಲ್ಲಿ ತೆಲುಗು ತಾನಾಗಿ ಬರುತ್ತದೆ; ಎಂಥ ಕೆಲಸ ಮಾಡಿದಿರಿ ಎಂದದ್ದು.

ಶಿಲ್ಪಾ ಮಾವನ ಕಡೆ ತಿರುಗಿದಳು. "ಒಂಬತ್ತು ದಿನ ಅದರ ಹೆಸರು ಕೂಗ್ತಾ ಊರೆಲ್ಲ ತಿರುಗಿದೆ. ನನ್ ಜೊತೆ ನೀವೂ ಕೂಗಿದ್ರಿ, ಮಾವ."

ಹೌದು, ಕೂಗಿದ್ದರು. ಎಲ್ಲರಿಗಿಂತ ಜೋರಾಗಿಯೇ ಕೂಗಿದ್ದರು.

ಜ್ಯೋತಿಲಕ್ಷ್ಮಿ ನಡುವೆ ಬಂದರು. "ಜಗಳ ಆಮೇಲೆ ಆಡೀರಂತೆ. ಇದಕ್ಕೆ ಚೀಲದ ಭಯ ಅಲ್ಲ, ಮೇಲಿಂದ ತುರುಕ್ತಾರಲ್ಲ ಆ ಭಯ. ಪಕ್ಕಕ್ಕೆ ಬಾಯಿರೋ ಚೀಲ ತರ್ರಿ. ನೆಲದ ಮ್ಯಾಲೆ ತೆರೆದಿಡ್ರಿ. ಯಾರೂ ಎತ್ತಿ ಹಾಕಬ್ಯಾಡ್ರಿ, ಅದಾಗೇ ಹೋಗ್ಲಿ" ಎಂದು ಬೆಕ್ಕನ್ನು ಮಗಳ ಮಡಿಲಿಗೆ ವಾಪಸ್ಸು ಹಾಕಿದರು.

ನಾಲ್ಕನೆಯ ಚೀಲ ಬಂತು. ಮೆತ್ತನೆ ಬಟ್ಟೆಯದು, ತೂಕ ಒಂದೂಕಾಲು ಕಿಲೋ, ಎರಡು ಕಡೆ ಬಲೆ, ಪಕ್ಕದಲ್ಲಿ ಅಗಲ ಬಾಗಿಲು. ಪಡಸಾಲೆಯಲ್ಲಿ ಅದನ್ನು ತೆರೆದಿಟ್ಟು, ಒಳಗೆ ತಮ್ಮ ಹಳೆಯ ಪಂಚೆ ಹಾಸಿ, ಕೊಟ್ಟೂರಪ್ಪನವರು ಪಕ್ಕದಲ್ಲಿ ಕೂರತೊಡಗಿದರು. ಸೊಸೆ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಮೂರು ದಿನ ಜರಿ ದೂರದಿಂದ ನೋಡಿತು. ನಾಲ್ಕನೆಯ ದಿನ ಮೂಸಿತು. ಎಂಟನೆಯ ದಿನ ಬೆಳಿಗ್ಗೆ ಒಳಗೆ ಹೋಗಿ, ಒಂದು ಸುತ್ತು ತಿರುಗಿ, ಪಂಚೆಯ ಮೇಲೆ ಮುದುರಿ ಮಲಗಿತು. ಕೊಟ್ಟೂರಪ್ಪನವರು ಉಸಿರೂ ಬಿಡದೆ ಕೂತರು. ಹೊರಡುವುದಕ್ಕೆ ಇನ್ನು ಐದು ದಿನವಿತ್ತು.

ಶಿಲ್ಪಾ ಅಡುಗೆಮನೆಯಿಂದ ಬಂದು ನೋಡಿದಳು. ಮತ್ತೆ ಒಳಗೆ ಹೋಗಿ ಕಾಫಿ ತಂದು ಮಾವನ ಮುಂದಿಟ್ಟಳು.

"ನಿಮಗೂ ಟಿಕೆಟ್ ಮಾಡಿಸೀನಿ. ಅತ್ತೆ ನಿಮ್ಮ ಬಟ್ಟೆ ಆಗ್ಲೇ ಎತ್ತಿಟ್ಟಾರೆ."

"ನಂಗ್ಯಾಕವ್ವ ವಿಮಾನ? ಈ ವಯಸ್ನಾಗೆ?"

"ಇದನ್ನ ಬಿಟ್ಟು ಬರಾಕೆ ಒಬ್ರೇ ಹೋಗಿದ್ರಿ. ಈಗ ಕರ್ಕಂಡು ಹೋಗೋರೂ ನೀವೇ. ಇದು ನಿಮ್ಮ ಕಾಲತ್ರಾನೇ ಕೂರ್ತೈತೆ, ಮಾವ."

ಇಷ್ಟು ದಿನದ ಮೇಲೆ ಅವಳ ದನಿ ಮೆತ್ತಗಾಗಿತ್ತು. ಕಾಫಿ ಆರಿದರೂ ಕೊಟ್ಟೂರಪ್ಪನವರು ಲೋಟ ಮುಟ್ಟಲಿಲ್ಲ; ಚೀಲದೊಳಗೆ ಕೈ ಚಾಚಿದರು, ಜರಿ ಆ ಕೈಯ ಮೇಲೆ ಗದ್ದವಿಟ್ಟು ನಿದ್ದೆ ಮುಂದುವರಿಸಿತು.