ಡ್ರೈವರ್ ಇಲ್ಲದ ಗಾಡಿ

ಮಧುವನಹಳ್ಳಿಯ ರಾಚಮ್ಮನ ಗಂಡ ಘಾಟಿ ರಸ್ತೆಯಲ್ಲಿ ತಾನು ಓಡಿಸುತ್ತಿದ್ದ ಲಾರಿಯೊಳಗೇ ಸುಟ್ಟು ಸತ್ತು ಇಪ್ಪತ್ತು ದಿನವಾಗಿತ್ತು. ಅವಳು ಒಮ್ಮೆಯೂ ಅತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಅವಳು ರೇಷ್ಮೆಹುಳುಗಳಿಗೆ ಸೊಪ್ಪು ಹೆಚ್ಚುತ್ತಿದ್ದಾಗ ಮೈದುನ ನಿಂಗರಾಜು ಜಗಲಿಯಲ್ಲಿ ರೇಡಿಯೊ ಹಾಕಿದ್ದ. ಬಾಹ್ಯಾಕಾಶ ನಿಲ್ದಾಣಕ್ಕೆ ಸರಕು ಒಯ್ದಿದ್ದ ರಷ್ಯಾದ ನೌಕೆಯೊಂದು ಆಕಾಶದಿಂದ ಇಳಿಯುವಾಗ ಉರಿದು ಬೂದಿಯಾಯಿತೆಂದು ವಾರ್ತೆಯಲ್ಲಿ ಹೇಳಿದರು.

ರಾಚಮ್ಮನ ಕೈ ನಿಂತಿತು. "ಅದ್ರೊಳ್ಗೆ ಡ್ರೈವರ್ ಇದ್ನಾ?"

"ಇಲ್ಲ ಕಣತ್ಗೆ. ಮ್ಯಾಲಿರೋರ್ಗೆ ಊಟ, ನೀರು ಇಳಿಸ್ಬುಟ್ಟು, ಕಸ ತುಂಬಿ ಬುಡ್ತಾರೆ. ಉರ್ದೋಗ್ಲಿ ಅಂತ್ಲೇ ಬುಡೋದು. ಜನ ಯಾರೂ ಇರಾಕಿಲ್ಲ."

"ಒಳ್ಳೇದಾಯ್ತು ಬುಡು."

ಅವಳ ದನಿಯಲ್ಲಿ ಸಂಕಟವೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ನಿಂಗರಾಜು ರೇಡಿಯೊ ನಿಲ್ಲಿಸಲು ಕೈ ಚಾಚಿದ.

"ಇರ್ಲಿ, ಮಳೆ ಸುದ್ದಿ ಕೇಳ್ಬೇಕು," ಎಂದವಳು ಎದ್ದು, ಹೆಚ್ಚಿದ ಸೊಪ್ಪನ್ನು ಹುಳುಗಳ ಮೇಲೆ ಹರಡತೊಡಗಿದಳು.