ಆಚೆಕೈ ಅತ್ತೆ

ನಮ್ಮ ಸಣ್ಣತ್ತೆ ಕೈಯಲ್ಲಿ ಏನಾದರೂ ಹಿಡಿದುಕೊಂಡು ಮಾತಾಡಿದ್ದನ್ನು ಕಂಡವರಿಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವಳ ಕಸುಬು. ಕಿವಿ ಹುಟ್ಟಿನಿಂದಲೇ ಕೇಳದು. ಯಾರಾದರೂ ಮಾತಿಗೆ ಬಂದರೆ ಸೂಜಿಯನ್ನು ದಾರದುಂಡೆಗೆ ಚುಚ್ಚಿ, ಅಂಟು ಮೆತ್ತಿದ ಬೆರಳುಗಳನ್ನು ಮೊಣಕಾಲುದ್ದದ ಹಳೇ ಕೋಟಿಗೆ ಒರೆಸಿ, ಆಮೇಲೆಯೇ ಕೈಮಾತು ಶುರು. ಕತ್ತರಿ ಹಿಡಿದು ಮಾತಾಡುವುದೆಂದರೆ ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡಿದಷ್ಟೇ ಅಸಭ್ಯ ಎಂಬುದು ಅವಳ ಸಿದ್ಧಾಂತ.

ಅವಳ ಬಾಲ್ಯದಲ್ಲಿ ಗಡಿಯ ಈಚೆಗಿನ ನಮ್ಮೂರಲ್ಲಿ ಕಿವುಡ ಮಕ್ಕಳಿಗೆ ಶಾಲೆಯಿರಲಿಲ್ಲ. ಗಡಿಗೇಟು ದಾಟಿ ಆಚೆ ದೇಶದಲ್ಲಿ ಎಂಟು ವರ್ಷ ಕಲಿತಳು. ಮುಂದೆ ಇಲ್ಲೂ ಶಾಲೆಯಾಯಿತು, ದೂರದ ರಾಜಧಾನಿಯಿಂದ ಮೇಷ್ಟರು ಬಂದರು, ಅವರ ಜೊತೆ ಬೇರೆಯದೇ ಕೈಮಾತು ಬಂತು. ವಿಚಿತ್ರ ನೋಡಿ, ಗೇಟಿನ ಎರಡೂ ಬದಿಯ ಬಾಯುಳ್ಳವರದು ಒಂದೇ ನುಡಿ, ಒಂದೇ ಬೈಗುಳ. ಕೈಗಳದು ಮಾತ್ರ ಎರಡು. ಕಾಗದಪತ್ರದಲ್ಲಿ ಅತ್ತೆ ಈಚೆಯವಳು, ಬೆರಳುಗಳಲ್ಲಿ ಆಚೆಯವಳು. ಹೊಸ ಶಾಲೆಯವರೆಲ್ಲ ಅವಳಿಗೆ ‘ಆಚೆಕೈ’ ಎಂದು ಹೆಸರಿಟ್ಟು ಮುಸಿಮುಸಿ ನಗುತ್ತಿದ್ದರು.

ಹಾಗೆ ನಕ್ಕವರಲ್ಲೊಬ್ಬಳು, ಕಿವಿ ಕೇಳುವವಳಾದರೂ ಆ ಶಾಲೆಯ ಕೈಮಾತು ಕಲಿತು ಈಗ ಗೇಟಿನ ಕಚೇರಿಯಲ್ಲಿ ದುಭಾಷಿ, ಒಂದು ಮಧ್ಯಾಹ್ನ ಏದುಸಿರು ಬಿಡುತ್ತ ನನ್ನ ಬಳಿ ಬಂದಳು.

“ಆಚೆಯಿಂದ ಒಬ್ಬ ಬಡಗಿ ಬಂದಿದಾನಣ್ಣ, ಕಿವಿ ಕೇಳಲ್ಲ. ಯಾಕೆ ಬಂದೆ ಅಂದ್ರೆ ‘ಕದಿಯೋಕೆ’ ಅಂತಾನೆ. ಸಾಹೇಬ್ರು ಒಳಗೆ ಹಾಕ್ತೀನಿ ಅಂತಿದಾರೆ. ಆದ್ರೆ ಹೇಳ್ತಾ ಹೇಳ್ತಾ ಅಳ್ತಾನೆ. ಯಾವ ಕಳ್ಳ ಹಾಗೆ ಅಳ್ತಾನೆ? ಅತ್ತೇನ ಕಳಿಸಿ.”

ಅಂಗಾಲು ಅಪ್ಪಳಿಸಿ ನಡೆಯುವ ಅತ್ತೆ ನನ್ನನ್ನೂ ಕರೆದುಕೊಂಡು ಕಚೇರಿಗೆ ನುಗ್ಗಿದಾಗ ಸಾಹೇಬರು ಮೇಜಿನ ಮೇಲೆ ಅಲುಗಿದ ಟೀ ಲೋಟವನ್ನು ಹಿಡಿದುಕೊಂಡರು. ಬಡಗಿ ತೋರುಬೆರಳನ್ನು ಕೊಕ್ಕೆ ಮಾಡಿ ಎದೆಯತ್ತ ಎಳೆದ. ಅತ್ತೆಯ ಮುಖ ಅರಳಿತು. ಇಬ್ಬರ ಕೈಗಳೂ ಸ್ವಲ್ಪ ಹೊತ್ತು ಸರಸರ ಆಡಿದವು. ಆಮೇಲೆ ಅವಳು ಹೇಳಿದ್ದನ್ನು, ಚಿಕ್ಕಂದಿನಿಂದ ಅವಳ ಕೈಮಾತು ಬಲ್ಲ ನಾನು ಬಾಯಿಗೆ ತಂದೆ:

“ಅದು ಕದಿಯೋದಲ್ಲ ಸ್ವಾಮಿ, ತಮ್ಮ. ಆಚೆ ನಮ್ಮ ಶಾಲೇಲಿ ತಮ್ಮ ಅನ್ನೋಕೆ ಬೆರಳು ಹೀಗೇ ಎಳ್ಕೊಳ್ಳೋದು, ಈಚೆ ಕೈಮಾತಲ್ಲಿ ಅದೇ ಕದಿಯೋದು. ಇವನ ತಮ್ಮನಿಗೆ ಇಲ್ಲಿ ಆಸ್ಪತ್ರೇಲಿ ಸಂಜೆ ಆಪರೇಷನ್. ರಕ್ತ ಕೊಡೋಕೆ ಬಂದಿದಾನೆ.”

“ಇವರು ಹೇಳಿದ್ದೇ ಸರಿ ಅಂತ ಏನು ಗ್ಯಾರಂಟಿ?” ಎಂದರು ಸಾಹೇಬರು.

ಅತ್ತೆ ಉತ್ತರಿಸಿದಳು: “ಆಸ್ಪತ್ರೆಗೆ ಫೋನ್ ಮಾಡಿ. ನಿಮಗೆ ಕಿವಿ ಇದೆಯಲ್ಲ.”

ಫೋನಾಯಿತು, ಮೊಹರು ಬಿತ್ತು, ಬಡಗಿ ಓಡಿದ. ಮರುದಿನದಿಂದ ದುಭಾಷಿ ಬಿಡುವಾದಾಗಲೆಲ್ಲ ರಟ್ಟಿನಂಗಡಿಯ ಬೆಂಚಿನಲ್ಲಿ ಕೂತು ಆಚೆಯ ಅಕ್ಕ, ತಂಗಿ, ಭಾವಂದಿರನ್ನು ಬೆರಳಿಗೆ ತಂದುಕೊಳ್ಳತೊಡಗಿದಳು.

ದೇಶಗಳ ಗೆರೆಗಳು ನಕ್ಷೆಯಲ್ಲಿ ಹುಟ್ಟುತ್ತವೆ; ಕೈಮಾತಿನ ಗೆರೆಗಳು ಯಾವ ಮಗು ಯಾವ ಶಾಲೆಯಲ್ಲಿ ಯಾರ ಪಕ್ಕ ಕೂತಿತು ಎಂಬುದರಲ್ಲಿ. ಯಾವುದೊಂದರೊಳಗೂ ಪೂರ್ತಿ ಹೊಂದದವರನ್ನು ನಾವು ಅರೆಬರೆ ಎಂದುಕೊಳ್ಳುತ್ತೇವೆ. ನಗೆಗೀಡಾಗಿ ಎರಡೂ ಕಡೆ ಬಾಳುವ ಆ ಜನ ಇರುವುದರಿಂದಲೇ ಎಷ್ಟೋ ಅಣ್ಣಂದಿರು ಹೊತ್ತಿಗೆ ಸರಿಯಾಗಿ ತಮ್ಮಂದಿರ ಮಂಚದ ಬಳಿ ತಲುಪುತ್ತಾರೆ.