ಪರವೂರಿನ ಕಲ್ಲು

ಕಾಮಾಕ್ಷಿಪಾಳ್ಯದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ದಿನಕ್ಕೆ ಏಳುವ ಸದ್ದನ್ನು ಮೂಟೆ ಕಟ್ಟಿ ಉರುಳಿಸಿಬಿಟ್ಟರೆ, ಅದು ಮಾಗಡಿ ರಸ್ತೆಯ ಗುಂಟ ಸುಂಕದಕಟ್ಟೆಯವರೆಗೆ ಹೋಗಿ ಅಲ್ಲಿನ ಬಸ್ಸುಗಳನ್ನೆಲ್ಲ ಮಗುಚಿ ಹಾಕೀತು. ಲೇತುಗಳ ಕಿರುಚಾಟ, ಪ್ರೆಸ್ಸುಗಳ ಗುದ್ದು, ಲಾರಿಯವರ ಬೈಗುಳ. ಈ ಗದ್ದಲದ ಹೊಟ್ಟೆಯೊಳಗೆ ಮಧ್ವೇಶ್ ಅವರ ಕ್ಯಾಲಿಬ್ರೇಷನ್ ಲ್ಯಾಬು. ಕಾರ್ಖಾನೆಗಳ, ಔಷಧಿ ಕಂಪನಿಗಳ ಅಳತೆಯ ಸಾಮಾನುಗಳು ಸರಿಯಾಗಿವೆಯೇ ಎಂದು ಪರೀಕ್ಷಿಸಿ ಸರ್ಟಿಫಿಕೇಟು ಕೊಡುವುದು ಅಲ್ಲಿನ ಕೆಲಸ. ಉದ್ದಕ್ಕೊಂದು ಕೋಣೆ, ಬಿಸಿಗೊಂದು ಕೋಣೆ, ಎಲ್ಲಕ್ಕಿಂತ ಹಿಂದೆ ತೂಕಕ್ಕೊಂದು ಕೋಣೆ.

ಆ ತೂಕದ ಕೋಣೆಯ ಗೋಡೆಯ ದಪ್ಪ ನೋಡಿದ್ದರೆ ಹಿಂದಿನ ಪಾಳೇಗಾರರು ತಮ್ಮ ಕೋಟೆಗಳನ್ನು ಬೀಳಿಸಿ ಮತ್ತೆ ಕಟ್ಟಿಸುತ್ತಿದ್ದರು. ಒಳಗೆ ಗ್ರಾನೈಟಿನ ಮೇಜು, ಮೇಜಿನ ಮೇಲೆ ಗಾಜಿನ ಗೂಡು, ಗೂಡಿನೊಳಗೆ ತಕ್ಕಡಿ. ತಕ್ಕಡಿ ಎಂದರೆ ದಿನಸಿ ಅಂಗಡಿಯದಲ್ಲ. ರಾಜರಾಜೇಶ್ವರಿನಗರದಲ್ಲಿ ಇರುವೆಯೊಂದು ಸೀನಿದರೆ ಇಲ್ಲಿ ಇದಕ್ಕೆ ನೆಗಡಿ ಹತ್ತುತ್ತಿತ್ತು. ಮನುಷ್ಯ ಪಕ್ಕದಲ್ಲಿ ನಿಂತರೆ ಮೈಯ ಕಾವಿಗೆ ಅದರ ಅಂಕಿ ಅಲುಗಾಡುತ್ತಿತ್ತು. ಅದಕ್ಕೇ ಆ ಕೋಣೆಗೆ ಒಂದು ಸಲಕ್ಕೆ ಒಬ್ಬರೇ ಹೋಗಬೇಕು. ಹೋಗುತ್ತಿದ್ದವನು ಗಿರಿರಾಜ.

ಗಿರಿರಾಜನಿಗೆ ಐವತ್ತು ದಾಟಿತ್ತು, ಮದುವೆ ದಾಟಿರಲಿಲ್ಲ. ಚಂದ್ರಾ ಲೇಔಟಿನ ಒಂದು ಮನೆಯ ಮೇಲೆ ಒಂಟಿ ರೂಮು. ಅಲ್ಲಿ ಎಷ್ಟು ನಿಶ್ಶಬ್ದವೆಂದರೆ ಹಲ್ಲಿಗಳು ಕೂಡ ಬೇಜಾರಾಗಿ ಕೆಳಗಿನ ಮನೆಯವರ ಗೋಡೆಗೆ ವರ್ಗ ಮಾಡಿಸಿಕೊಂಡಿದ್ದವು. ಬೆಳಿಗ್ಗೆ ದರ್ಶಿನಿಯಲ್ಲಿ “ಎರಡು ಇಡ್ಲಿ” ಅಂದರೆ, ಆ ಎರಡು ಪದಗಳ ಮೇಲೆ ಮಧ್ಯಾಹ್ನದವರೆಗೆ ಬಾಳುವೆ ಮಾಡುತ್ತಿದ್ದ.

ಆದರೆ ಲ್ಯಾಬಿಗೆ ಬಂದನೆಂದರೆ ಬೇರೆಯೇ ಗಿರಿರಾಜ. ಟೀ ಕುಡಿಯುವಾಗ ಕೊಚ್ಚುವ ಜಂಬಕ್ಕೆ ಲೋಟದಲ್ಲಿದ್ದ ಟೀ ಮತ್ತೆ ಕುದಿಯುತ್ತಿತ್ತು.

“ನನ್ ರೀಡಿಂಗು ಹತ್ತು ಸಲ ತಗೊಂಡ್ರೂ ಹತ್ತೂ ಅಚ್ಚು ಹೊಡ್ದಂಗೆ ಬರತ್ತೆ. ಜರ್ಮನಿಯವ್ರು ಬಂದು ನನ್ ಕೈ ಮುಟ್ಟಿ ನೋಡ್ಬೇಕು.”

“ಜರ್ಮನಿಯವ್ರು ಯಾಕ್ ಬರ್ತಾರೆ ಗುರು,” ಎನ್ನುತ್ತಿದ್ದ ಉದ್ದ ಅಳೆಯುವ ಕೋಣೆಯ ಕಿಟ್ಟಿ. “ಕಾಮಾಕ್ಷಿಪಾಳ್ಯದ ಟ್ರಾಫಿಕ್ಕಲ್ಲಿ ಸಿಗಾಕ್ಕೊಂಡು ಕನ್ನಡ ಕಲಿಯಕ್ಕಾ?”

ಜಂಬ ಸುಳ್ಳಾಗಿರಲಿಲ್ಲ. ತೂಗುವ ಕ್ರಮವೇನೆಂದರೆ, ಮೊದಲು ಲ್ಯಾಬಿನ ಸ್ವಂತ ತೂಕದ ಕಲ್ಲು. ಕಲ್ಲು ಅನ್ನುವುದು ಬಾಯಿ ರೂಢಿ. ಕನ್ನಡಿಯಂತೆ ಹೊಳೆಯುವ ಉಕ್ಕಿನ ಬಟ್ಟು ಅದು. ಅದರ ತೂಕ ಮೊದಲೇ ಗೊತ್ತು. ಅದನ್ನಿಟ್ಟು, ಕಾದು, ಅಂಕಿ ನೋಡಬೇಕು. ಆಮೇಲೆ ಹೊರಗಿನಿಂದ ಬಂದ ಕಲ್ಲನ್ನಿಟ್ಟು, ಕಾದು, ನೋಡಬೇಕು. ಮತ್ತೆ ಅದು, ಮತ್ತೆ ಇದು. ಎರಡರ ನಡುವಿನ ವ್ಯತ್ಯಾಸವೇ ಉತ್ತರ. ಕೆಲಸದಲ್ಲಿ ಮುಕ್ಕಾಲು ಪಾಲು ಕಾಯುವುದೇ. ಕಾಯುವ ವಿದ್ಯೆಯಲ್ಲಿ ಗಿರಿರಾಜನನ್ನು ಮೀರಿಸಬೇಕಾದರೆ ನಂದಿ ಬೆಟ್ಟ ಬರಬೇಕಿತ್ತು.

ಹಾಗೆ ಕಾಯುವಾಗ ಅವನು ಮಾತಾಡುತ್ತಿದ್ದ. ಇದು ಯಾರಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೇ ಪೂರ್ತಿ ಗೊತ್ತಿರಲಿಲ್ಲ. ಸ್ವಂತ ಕಲ್ಲು ತಟ್ಟೆಯ ಮೇಲಿದ್ದಾಗ ಸುಮ್ಮನಿರುತ್ತಿದ್ದ. ಎಷ್ಟೋ ವರ್ಷದ ಒಡನಾಟ, ಅದಕ್ಕೆ ಹೇಳುವುದೇನೂ ಉಳಿದಿರಲಿಲ್ಲ. ಪರವೂರಿನ ಕಲ್ಲು ತಟ್ಟೆಗೆ ಬಂತೆಂದರೆ ಮಾತ್ರ ಗಾಜಿನ ಗೂಡಿನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು ಬಗ್ಗುತ್ತಿದ್ದ.

“ಎಲ್ಲಿಂದ ಬಂದ್ಯಪ್ಪಾ? ಹೊಸಪೇಟೆಯಾ? ಸೆಕೆ ಜಾಸ್ತಿ ಅಲ್ವಾ ಅಲ್ಲಿ? ಇಲ್ಲಿ ನೋಡು, ಮಹಾರಾಜನ್ ತರ ಕೂತಿದೀಯ. ನಮ್ಮನೇಲಿ ಫ್ಯಾನೂ ಸರಿಯಾಗಿ ತಿರುಗಲ್ಲ...”

ಆ ವರ್ಷ ಒಂದು ವಿಶೇಷದ ಕಲ್ಲು ಬಂತು. ದೇಶದ ಲ್ಯಾಬುಗಳ ಯೋಗ್ಯತೆ ನೋಡಲು ಒಂದೇ ಕಲ್ಲನ್ನು ಊರೂರು ಸುತ್ತಿಸುತ್ತಾರೆ. ಪ್ರತಿ ಲ್ಯಾಬೂ ತೂಗಿ ತನ್ನ ಉತ್ತರ ಕಳಿಸಬೇಕು. ಸರಿ ಉತ್ತರ ನಡೆಸುವವರ ಹತ್ತಿರ ಮಾತ್ರ ಇರುತ್ತದೆ. ಮಧ್ವೇಶ್ ಗಿರಿರಾಜನನ್ನು ಕರೆದು ಹೇಳಿದರು.

“ನೋಡಿ ಗಿರಿರಾಜ್, ಇದ್ರಲ್ಲಿ ಫೇಲ್ ಆದ್ರೆ ಸೂಕ್ಷ್ಮ ತೂಕದ ಪರವಾನಗಿ ಹೋಗತ್ತೆ. ಆ ರೂಮಿನ ಎಸಿ ಬಿಲ್ ಕಟ್ಟಕ್ಕೆ ಆಮೇಲೆ ಕಾರಣ ಇರಲ್ಲ. ರೂಮ್ ಒಡೆದು ಪ್ರೆಷರ್ ಗೇಜಿಗೆ ಕೊಡ್ತೀನಿ. ನಿಮ್ಮನ್ನ ಮುಂದಿನ ಕೌಂಟರಿಗೆ ಹಾಕ್ಬೇಕಾಗತ್ತೆ.”

“ಸಾರ್, ನಾನು ಫೇಲಾ? ಕಲ್ಲು ಫೇಲ್ ಆಗ್ಬೋದು, ನಾನಾಗಲ್ಲ.”

ಹೀಗೆಂದನಾದರೂ ಹೊರಗೆ ಬರುವಾಗ ಗಿರಿರಾಜ ಮುಂದಿನ ಕೌಂಟರಿನ ಕಡೆ ಎರಡು ಸಲ ತಿರುಗಿ ನೋಡಿದ. ಕೌಂಟರಿನಲ್ಲಿ ದಿನವಿಡೀ ಜನ ಬರುತ್ತಾರೆ, ರಸೀದಿ ತೆಗೆದುಕೊಂಡು ಹೋಗುತ್ತಾರೆ. ಯಾರೂ ತಟ್ಟೆಯ ಮೇಲೆ ಕುಳಿತು ಕೇಳಿಸಿಕೊಳ್ಳುವುದಿಲ್ಲ. ಆ ಕೋಣೆ ಹೋದರೆ ತನಗೆ ಈ ಊರಿನಲ್ಲಿ ಬಾಯಿ ಬಿಡುವ ಜಾಗವೇ ಇರುವುದಿಲ್ಲ ಎಂದು ಯೋಚಿಸಲಿಲ್ಲ ಅವನು. ಅಂದು ರಾತ್ರಿ ಊಟ ಮಾತ್ರ ಸೇರಲಿಲ್ಲ.

ಅವನು ತೂಗಿದ. ಅಂಕಿಗಳು ಎಂದಿನಂತೆ ಒಂದರ ಹಿಂದೊಂದು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಸಾಲಿನಂತೆ ಬಂದವು. ಆದರೆ ಆ ಸುತ್ತಾಟದ ನಿಯಮದಲ್ಲಿ ಎರಡನೆಯವರೂ ಬೇರೆಯಾಗಿ ತೂಗಬೇಕಿತ್ತು. ಎರಡನೆಯವಳು ಸ್ಪಂದನ, ಎಂ.ಎಸ್ಸಿ. ಮುಗಿಸಿ ಬಂದು ಇನ್ನೂ ವರ್ಷ ತುಂಬದ ಹುಡುಗಿ, ಬಸವೇಶ್ವರನಗರದವಳು. ಅವಳ ಅಂಕಿಗಳು ಸ್ವಲ್ಪ ಆಚೀಚೆ ಚದುರಿದ್ದವು. ಅದು ದೊಡ್ಡ ವಿಷಯವಲ್ಲ. ಆದರೆ ಅವಳ ಪ್ರಕಾರ ಆ ಕಲ್ಲು ಗಿರಿರಾಜ ಹೇಳಿದ್ದಕ್ಕಿಂತ ಭಾರವಾಗಿತ್ತು. ಎಷ್ಟು ಭಾರ? ಸೊಳ್ಳೆಯ ರೆಕ್ಕೆಯ ತುದಿ ಹರಿದು ಬಿದ್ದಷ್ಟು. ಕಾರ್ಖಾನೆಗಳ ಕಲ್ಲುಗಳಲ್ಲಿ ಅಷ್ಟು ವ್ಯತ್ಯಾಸ ಯಾರ ಲೆಕ್ಕಕ್ಕೂ ಬರುವುದಿಲ್ಲ. ಈ ಕಲ್ಲಿನಲ್ಲಿ ಅದು ಆನೆ.

“ಹುಡ್ಗಿ ಕೈ ಇನ್ನೂ ಪಳಗಿಲ್ಲ ಸಾರ್,” ಎಂದ ಗಿರಿರಾಜ. “ನಂದನ್ನೇ ಕಳ್ಸಿ.”

ಮಧ್ವೇಶ್‌ಗೂ ಹಾಗೇ ಅನ್ನಿಸಿತು. ಸ್ಪಂದನ ಮಧ್ಯಾಹ್ನ ತಿಂಡಿ ಡಬ್ಬಿ ಹಿಡಿದುಕೊಂಡು ಗಿರಿರಾಜನ ಹತ್ತಿರ ಬಂದಳು.

“ಸಾರ್, ತಪ್ಪು ತಿಳ್ಕೊಬೇಡಿ. ಗೂಡಿನ ಪಕ್ಕ ಇರೋ ಥರ್ಮಾಮೀಟರ್ ಗ್ರಾಫ್ ನೋಡ್ತಾ ಇದ್ದೆ. ನೀವು ನಮ್ ಕಲ್ಲು ಇಟ್ಟಾಗ ಲೈನು ಸಮ ಇರತ್ತೆ. ಆ ಕಲ್ಲು ಇಟ್ಟಾಗ ಮಾತ್ರ ಒಂಚೂರು ಏರತ್ತೆ, ಇಬ್ರು ಕೂತಿದ್ದಂಗೆ. ಪ್ರತಿ ಸಲ. ಆ ಟೈಮಲ್ಲಿ ಯಾರಾದ್ರೂ ಒಳಗ್ ಬರ್ತಾರಾ?”

“ಯಾರ್ ಬರ್ತಾರಮ್ಮ ನನ್ ಹತ್ರ?”

ಹೇಳಿದ್ದು ಹೇಳಿದ. ಆದರೆ ಕೈಯಲ್ಲಿದ್ದ ಚಿತ್ರಾನ್ನ ಬಾಯಿಗೆ ಹೋಗದೆ ಅಲ್ಲೇ ನಿಂತುಬಿಟ್ಟಿತು.

ಊಟವನ್ನು ಅರ್ಧಕ್ಕೆ ಬಿಟ್ಟು ಕೋಣೆಗೆ ಹೋದ. ಪರವೂರಿನ ಕಲ್ಲನ್ನು ತಟ್ಟೆಯ ಮೇಲಿಟ್ಟ. ಕುರ್ಚಿಯನ್ನು ಗೋಡೆಗೆ ತಳ್ಳಿ, ಎರಡೂ ತುಟಿಗಳನ್ನು ಹಲ್ಲಿನಿಂದ ಹಿಡಿದು ಕುಳಿತ. ಜಗತ್ತಿನಲ್ಲಿ ಅಷ್ಟು ಉದ್ದದ ಮೌನವನ್ನು ಹಿಮಾಲಯದ ಯೋಗಿಗಳೂ ಆಚರಿಸಿರಲಾರರು. ಅಂಕಿ ನಿಧಾನ ಏರಿ ನಿಂತಿತು: ಸ್ಪಂದನ ಬರೆದಿದ್ದ ಜಾಗದಲ್ಲಿ.

ಆಮೇಲೆ ಕುರ್ಚಿಯನ್ನು ಎಳೆದುಕೊಂಡು ಬಗ್ಗಿದ. ಏನು ಮಾತಾಡುವುದೆಂದು ಮೊದಲ ಸಲ ತೋಚಲಿಲ್ಲ.

“ಊಟ ಆಯ್ತೇನಪ್ಪಾ?” ಎಂದ ಕೊನೆಗೆ. “ನಂದಿನ್ನೂ ಅರ್ಧ ಆಗಿದೆ. ಸ್ಪಂದನ ಒಳ್ಳೆ ಹುಡ್ಗಿ, ಕಣ್ಣು ಚುರುಕು...”

ಹೇಳುತ್ತ ಹೋದಂತೆ ಅಂಕಿ ಇಳಿಯಿತು. ಅವನ ಮುಖದ ಕಾವು, ಉಸಿರಿನ ಕಾವು ಗಾಜಿನೊಳಗಿನ ಗಾಳಿಯನ್ನು ಬೆಚ್ಚಗೆ ಮಾಡುತ್ತಿತ್ತು. ಬೆಚ್ಚಗಾದ ಗಾಳಿ ಮೇಲೇಳುವಾಗ ಕಲ್ಲನ್ನು ಕೂದಲೆಳೆಯಷ್ಟು ಎತ್ತಿ ಹಿಡಿಯುತ್ತಿತ್ತು. ತಕ್ಕಡಿ ಪಾಪ, ಕಲ್ಲೇ ಹಗುರವಾಯಿತೆಂದು ತಿಳಿಯುತ್ತಿತ್ತು. ಪ್ರತಿ ಸಲ ಅಷ್ಟೇ ಹೊತ್ತು, ಅಷ್ಟೇ ಹತ್ತಿರ ಕುಳಿತು ಮಾತಾಡಿದ್ದರಿಂದ ತಪ್ಪು ಕೂಡ ಪ್ರತಿ ಸಲ ಅಷ್ಟೇ ಬಂದಿತ್ತು. ಜರ್ಮನಿಯವರು ಬಂದು ಮುಟ್ಟಿ ನೋಡಬೇಕಾಗಿದ್ದ ಕೈಯ ಮೇಲೆ ಗಿರಿರಾಜ ತಲೆಯಿಟ್ಟುಕೊಂಡು ಸುಮಾರು ಹೊತ್ತು ಕುಳಿತ.

ಸಂಜೆ ಮಧ್ವೇಶರ ರೂಮಿಗೆ ಹೋಗಿ ಹೇಳಿದ.

“ಸ್ಪಂದನಂದೇ ಸರಿ ಸಾರ್. ನಾನು ಇನ್ನೊಂದ್ ಸಲ ತೂಗಿದೆ. ಅವ್ಳ ಅಂಕೀಗೇ ತಾಳೆ ಆಯ್ತು.”

“ಹಂಗಂದ್ರೆ ಹೆಂಗ್ರೀ? ಮೊದ್ಲಿನ ರೀಡಿಂಗ್ ಬಿಡಬೇಕಾದ್ರೆ ಕಾರಣ ಬರೀಬೇಕು. ಏನಂತ ಬರೀಲಿ? ತಕ್ಕಡಿ ಕೆಟ್ಟಿತ್ತು ಅಂತಾನಾ? ಎಸಿ?”

ಮಧ್ವೇಶ್ ಅವನ ಮುಖ ನೋಡುತ್ತಿದ್ದರು. ಬಾಗಿಲ ಹತ್ತಿರ ಸ್ಪಂದನ ನಿಂತಿದ್ದಳು, ಅವಳ ಹಿಂದೆ ಕಿಟ್ಟಿ. ಎಸಿ ಎಂದುಬಿಡಬಹುದಿತ್ತು. ಒಂದೇ ಪದ. ಅವನ ಬಾಯಿಯಲ್ಲಿ ಅದಕ್ಕಿಂತ ದೊಡ್ಡ ದೊಡ್ಡ ಸುಳ್ಳುಗಳು ಟೀ ಜೊತೆ ಬಿಸ್ಕತ್ತಿನ ಹಾಗೆ ಓಡಾಡಿದ್ದವು. ಆದರೆ ತೂಕದ ವಿಷಯದಲ್ಲಿ ಅವನು ಯಾವತ್ತೂ ಸುಳ್ಳು ಹೇಳಿರಲಿಲ್ಲ, ಹೇಗೆ ಹೇಳಬೇಕೆಂದೂ ಗೊತ್ತಿರಲಿಲ್ಲ.

“ನಾನು ಮಾತಾಡ್ತೀನಿ ಸಾರ್.”

“ಒಳಗೆ? ಫೋನಲ್ಲಾ?”

“ಅಲ್ಲ ಸಾರ್. ಕಲ್ಲಿನ್ ಹತ್ರ. ಹೊರಗಿನ್ ಕಲ್ಲು ಬಂದ್ರೆ... ಎಲ್ಲಿಂದ ಬಂದೆ, ಏನು, ಅಂತ. ಬಗ್ಗಿ ಮಾತಾಡ್ತೀನಿ. ಅದಕ್ಕೇ ಬಿಸಿ ಆಗಿದ್ದು.”

ಕಿಟ್ಟಿ ಕಿಸಕ್ಕನೆ ನಕ್ಕ. ಮತ್ಯಾರೂ ನಗದಿದ್ದುದರಿಂದ ಆ ನಗು ಅನಾಥವಾಗಿ ರೂಮಿನ ಮಧ್ಯೆ ನಿಂತಿತು. ಕಿಟ್ಟಿ ಕೆಮ್ಮಿ ಅದನ್ನು ಮುಚ್ಚಿದ.

ಮಧ್ವೇಶ್ ಕನ್ನಡಕ ತೆಗೆದು ಒರೆಸಿದರು. “ಆಪರೇಟರ್ ಹತ್ರ ಇದ್ದಿದ್ದರಿಂದ ಗಾಳಿ ಬಿಸಿಯಾಗಿತ್ತು ಅಂತ ಬರೀತೀನಿ. ಅಷ್ಟು ಸಾಕು,” ಎಂದರು. ಒಳ್ಳೆಯ ಮನುಷ್ಯ. ಅವರು ಬಯ್ದಿದ್ದರೆ ಗಿರಿರಾಜನಿಗೆ ಇನ್ನೂ ಹಗುರವಾಗುತ್ತಿತ್ತೇನೋ. “ಇನ್ನೊಂದು ಮಾಡೋಣ. ಕಲ್ಲು ಎತ್ತಿ ಇಡೋ ಮೋಟಾರು ಆ ತಕ್ಕಡೀಲೇ ಇದೆ, ನಾವು ಉಪಯೋಗಿಸ್ತಾ ಇರ್ಲಿಲ್ಲ. ಸ್ಕ್ರೀನು ಹೊರಗೆ ಹಾಕ್ಸೋಣ. ಬೆಳಿಗ್ಗೆ ಕಲ್ಲು ಜೋಡಿಸಿ ಬಾಗಿಲು ಹಾಕಿ. ಒಳಗೆ ಯಾರೂ ಬೇಡ. ನೀವೂ ಬೇಡ. ರೂಮ್ ಉಳಿಯತ್ತೆ, ನಿಮ್ ಕೆಲಸಾನೂ ಉಳಿಯತ್ತೆ.”

“ಆಯ್ತು ಸಾರ್.”

ಹೊರಗೆ ಬಂದಾಗ ಸ್ಪಂದನ ಏನೋ ಹೇಳಲು ಹೊರಟಳು. ಗಿರಿರಾಜ ಕೈ ಎತ್ತಿ ತಡೆದ. “ಚೆನ್ನಾಗ್ ನೋಡ್ದೆ ಕಣಮ್ಮ ಗ್ರಾಫು,” ಎಂದ. ಅವನು ಇನ್ನೊಬ್ಬರನ್ನು ಹೊಗಳಿದ್ದು ಆ ಲ್ಯಾಬಿನ ಚರಿತ್ರೆಯಲ್ಲಿ ಅದೇ ಮೊದಲು. ಚುನಾವಣೆಯ ಫಲಿತಾಂಶದ ದಿನವಾಗಿದ್ದರೂ ಟಿವಿಯವರು ಬಿಟ್ಟು ಬಂದು ಇದನ್ನು ತೋರಿಸಬೇಕಿತ್ತು.

ಸುತ್ತಾಟದ ಕಲ್ಲನ್ನು ಮುಂದಿನ ಲ್ಯಾಬಿಗೆ ಕೈಯಲ್ಲೇ ಒಯ್ದು ಕೊಡುವುದು ಪದ್ಧತಿ. ಮುಂದಿನದು ಕೆಂಗೇರಿಯಲ್ಲಿತ್ತು. ಗಿರಿರಾಜ ಮರದ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ವಿಜಯನಗರದಲ್ಲಿ ಮೆಟ್ರೋ ಹತ್ತಲು ಹೋದ. ತಪಾಸಣೆಯವನು ತಡೆದ.

“ಏನ್ ಸಾರ್ ಇದು?”

“ತೂಕದ ಕಲ್ಲು.”

“ಎಷ್ಟು ಕೇಜಿದು?”

“ಒಂದು. ಪಾಯಿಂಟ್ ಆದ್ಮೇಲಿಂದು ಹೇಳೋಕೆ ವಾರ ಬೇಕು.”

“ಹೋಗಿ ಸಾರ್ ಹೋಗಿ.”

ರೈಲಿನಲ್ಲಿ ಸೀಟು ಸಿಕ್ಕಿತು. ಪೆಟ್ಟಿಗೆ ತೊಡೆಯ ಮೇಲೆ. ಇಲ್ಲಿ ತಕ್ಕಡಿಯಿಲ್ಲ, ಗಾಜಿಲ್ಲ, ಎಷ್ಟು ಬಿಸಿಯುಸಿರು ಬಿಟ್ಟರೂ ಕೇಳುವವರಿಲ್ಲ. ಆದರೂ ಅತ್ತಿಗುಪ್ಪೆ ದಾಟಿತು, ದೀಪಾಂಜಲಿನಗರ ದಾಟಿತು, ಗಿರಿರಾಜನ ಬಾಯಿಗೆ ಮಾತು ಬರಲಿಲ್ಲ. ಪಕ್ಕದಲ್ಲಿ ಹೂವಿನ ಚೀಲ ಹಿಡಿದ ಒಬ್ಬ ಅಜ್ಜಿ ಕುಳಿತಿದ್ದರು.

“ಏನಪ್ಪಾ ಪೆಟ್ಟಿಗೇಲಿ, ದೇವ್ರಾ? ಅಷ್ಟ್ ಜೋಪಾನವಾಗಿ ಹಿಡ್ಕೊಂಡಿದೀಯ.”

“ಅಲ್ಲಮ್ಮಾ, ಕಲ್ಲು. ತೂಕದ್ದು.” ಪೆಟ್ಟಿಗೆಯನ್ನು ಅವರತ್ತ ಕೊಂಚ ತಿರುಗಿಸಿದ. “ಇಡೀ ದೇಶಕ್ಕೆ ಇದೊಂದೇ. ಊರೂರು ಸುತ್ತತ್ತೆ. ನಾನೇ ತೂಗಿದ್ದು.”

“ಹೌದಾ? ಅಂಗಡಿ ಇಟ್ಟಿದೀಯಾ?”

“ಅಂಗಡಿ ಅಲ್ಲಮ್ಮ! ನಮ್ ತಕ್ಕಡಿ ಇದ್ಯಲ್ಲ, ನೀವು ಪಕ್ಕ ಬಂದು ನಿಂತ್ರೆ ಅದಕ್ಕೆ ಗೊತ್ತಾಗತ್ತೆ. ನಿಮ್ಮ ಚೀಲದಿಂದ ಒಂದು ಎಸಳು ಉದುರಿದ್ರೆ ಹುಚ್ಚು ಹಿಡ್ಯತ್ತೆ ಅದಕ್ಕೆ. ಅದನ್ನ ಸಮಾಧಾನ ಮಾಡೋಕೆ ಗಂಟೆಗಟ್ಲೆ ಕಾಯ್ಬೇಕು. ಕಾಯೋವಾಗ ಮಾತಾಡಂಗಿಲ್ಲ. ಅದೇ ಕಷ್ಟ. ನಾನೊಂದ್ ಸಲ ಏನ್ ಮಾಡ್ಬಿಟ್ಟೆ ಅಂದ್ರೆ...”

ಜ್ಞಾನಭಾರತಿ ಬಂತು. “ಇಳೀಬೇಕು ಕಣಪ್ಪ,” ಎಂದು ಅಜ್ಜಿ ಎದ್ದರು. ಚೀಲದಿಂದ ಒಂದು ಸೇವಂತಿಗೆ ತೆಗೆದು ಪೆಟ್ಟಿಗೆಯ ಮೇಲಿಟ್ಟು, ಬಾಗಿಲು ಮುಚ್ಚುವಷ್ಟರಲ್ಲಿ ಇಳಿದು ಹೋದರು.

ಮಾತು ಅರ್ಧಕ್ಕೆ ನಿಂತಿತ್ತು. ಗಿರಿರಾಜ ಸುತ್ತ ನೋಡಿದ. ಎದುರಿನ ಹುಡುಗ ಕಿವಿಯಲ್ಲಿ ಏನೋ ಸಿಕ್ಕಿಸಿಕೊಂಡು ಗಾಳಿಯ ಜೊತೆ ಜಗಳವಾಡುತ್ತಿದ್ದ. ಅವನಾಚೆ ಒಬ್ಬಳು ಕಿಟಕಿಗೆ ಮುಖ ಮಾಡಿ ಗಾಳಿಗೇ “ಲವ್ ಯೂ” ಎನ್ನುತ್ತಿದ್ದಳು. ರೈಲಿನ ತುಂಬ ಒಬ್ಬೊಬ್ಬರೇ ಮಾತಾಡುವವರು. ಇನ್ನೊಬ್ಬ ಹೆಚ್ಚಾದರೆ ಯಾರಿಗೂ ತಿಳಿಯುವಂತಿರಲಿಲ್ಲ.

ಅವನು ಪೆಟ್ಟಿಗೆಯ ಮೇಲೆ ಬಗ್ಗಿದ. “ಏನ್ ಮಾಡ್ಬಿಟ್ಟೆ ಅಂದ್ರೆ,” ಎಂದು ಬಿಟ್ಟಲ್ಲಿಂದ ಶುರು ಮಾಡಿದ. ಪಟ್ಟಣಗೆರೆ ಬಂದು ಹೋಯಿತು. ಕೆಂಗೇರಿಯಲ್ಲಿ ಬಾಗಿಲು ತೆರೆದು ಮುಚ್ಚಿತು. ಚಲ್ಲಘಟ್ಟದಲ್ಲಿ ರೈಲು ಖಾಲಿಯಾಗಿ ನಿಂತಾಗ ಸಮವಸ್ತ್ರದವನೊಬ್ಬ ಬೋಗಿಯೊಳಕ್ಕೆ ಇಣುಕಿದ.

“ಸಾರ್, ಲಾಸ್ಟ್ ಸ್ಟಾಪು. ಇಳ್ಕೊಳ್ಳಿ.”

“ಒಂದ್ನಿಮಿಷ ಇರಪ್ಪ,” ಎಂದ ಗಿರಿರಾಜ ತಲೆಯೆತ್ತದೆ. “ಈಗ ವಿಷಯಕ್ಕೆ ಬರ್ತಾ ಇದೀನಿ.”